ನಾಲ್ಕು ಬೆರಳ ಮಡಿಕೆ

ಕಲ್ಲುಗುಂಡಿಯ ಹರಿಣಾಕ್ಷಿಗೆ ಅಳತೆಯ ಟೇಪು ಬೇಕಾಗುತ್ತಿದ್ದದ್ದು ದೊಡ್ಡವರ ಬಟ್ಟೆಗೆ ಮಾತ್ರ. ಶಾಲೆಯ ಲಂಗಕ್ಕೆ ಅವಳ ಎಡಗೈಯೇ ಟೇಪು. ಕೆಳಗಿನ ಅಂಚಿಗೆ ನಾಲ್ಕು ಬೆರಳು ಒತ್ತಿ ಹಿಡಿದು, ಅಷ್ಟನ್ನೂ ಒಳಗೆ ಮಡಚಿ, ಮೇಲಿನಿಂದ ಹೊಲಿಗೆ ಹಾಕಿಬಿಡುವುದು. ಮಗು ಬೆಳೆದ ಹಾಗೆ ವರ್ಷಕ್ಕೊಂದು ಬೆರಳು ಬಿಚ್ಚಿದರಾಯಿತು. ಒಂದೇ ಲಂಗ, ನಾಲ್ಕು ವರ್ಷ.

ಇದು ಅವಳ ಸ್ವಂತ ಬುದ್ಧಿಯಲ್ಲ. ಹದಿನೆಂಟರ ಹರೆಯದಲ್ಲಿ ಕಬಕದ ಚಿಕ್ಕಮ್ಮನ ಮನೆಯಲ್ಲಿ ಒಂದು ವರ್ಷ ನಿಂತು, ಪಕ್ಕದ ಮನೆಯ ಅಲೀಮಮ್ಮನಿಂದ ಹೊಲಿಗೆ ಕಲಿತವಳು ಅವಳು. ಅಲೀಮಮ್ಮನಿಗೆ ಸಿಟ್ಟು ಜಾಸ್ತಿ, ಪ್ರೀತಿ ಅದಕ್ಕಿಂತ ಜಾಸ್ತಿ. ಹರಿಣಾಕ್ಷಿ ಮೊದಲ ಲಂಗಕ್ಕೆ ಚಂದ ಕಾಣಲೆಂದು ಒಂದೇ ಬೆರಳು ಮಡಚಿದ್ದಳು. ಅಲೀಮಮ್ಮ ಅದನ್ನು ತಿರುಗಿಸಿ ನೋಡಿ ಅವಳ ಮಡಿಲಿಗೆ ಎಸೆದಿದ್ದರು.

"ಮಗು ಬೆಳೆಯುದು ಬೇಡ್ವಾ? ಅದರ ಅಪ್ಪನಿಗೆ ವರ್ಷ ವರ್ಷ ಬಟ್ಟೆ ತೆಗಿಲಿಕ್ಕೆ ಎಲ್ಲಿ ಉಂಟು? ಬಿಚ್ಚು, ಬಿಚ್ಚು. ನಾಲ್ಕು ಬೆರಳು ಒಳಗೆ ಇಡು."

ಅವತ್ತು ಬಿಚ್ಚಿ ಹೊಲಿದದ್ದು ಮತ್ತೆ ಕೈಗೆ ಅಂಟಿಯೇ ಹೋಯಿತು. ಪದ್ಮಯ್ಯನನ್ನು ಮದುವೆಯಾಗಿ ಕಲ್ಲುಗುಂಡಿಗೆ ಬಂದು, ರಸ್ತೆ ಬದಿಯ ಕೋಣೆಯಲ್ಲಿ ಕಾಲಿನಲ್ಲಿ ತುಳಿಯುವ ಮೆಷಿನ್ ಇಟ್ಟಳು. ಆಗಿನ ಮೇ ತಿಂಗಳೆಂದರೆ ಏನು ಕತೆ. ಕೋಣೆಯೊಳಗೆ ಕಾಲಿಡಲು ಜಾಗವಿಲ್ಲ, ಎಲ್ಲಿ ನೋಡಿದರಲ್ಲಿ ನೀಲಿ ಬಟ್ಟೆಯ ಕಟ್ಟು, ಹೊಸ ಬಟ್ಟೆಯ ಗಂಜಿ ವಾಸನೆ. ಶಾಲೆ ಶುರುವಾಗುವ ಹಿಂದಿನ ದಿನ ಮಕ್ಕಳು ಬಾಗಿಲಲ್ಲೇ ಕೂತು ಬಿಡುತ್ತಿದ್ದವು, ಗುಂಡಿ ಹಾಕುವವರೆಗೂ ಏಳುತ್ತಿರಲಿಲ್ಲ. ಬೈದರೂ ಕೇಳುವ ಜಾತಿಯವಲ್ಲ. ಬೈಯುವುದು ಅವಳಿಗೂ ಖುಷಿಯೇ ಆಗಿತ್ತು.

ಮಡಿಕೆ ಬಿಚ್ಚಿದಲ್ಲಿ ಹಳೆಯ ಹೊಲಿಗೆಯ ಗೆರೆ ಹೋಗುವುದಿಲ್ಲ. ಅದರ ಕೆಳಗಿನ ಬಟ್ಟೆ ಬಿಸಿಲು ಕಾಣದ್ದರಿಂದ ಕಡುನೀಲಿಯಾಗಿಯೇ ಇರುತ್ತದೆ. ಬೆಳಿಗ್ಗೆ ರಸ್ತೆಯಲ್ಲಿ ಸಾಲಾಗಿ ಹೋಗುವ ಹುಡುಗಿಯರ ಲಂಗದ ಗೆರೆಗಳನ್ನು ಕೂತಲ್ಲಿಂದಲೇ ನೋಡಿ, ಇವಳದ್ದು ಎರಡನೇ ವರ್ಷ, ಇವಳದ್ದು ಮೂರನೇ ವರ್ಷ ಎಂದು ಹರಿಣಾಕ್ಷಿ ಹೇಳಬಲ್ಲವಳಾಗಿದ್ದಳು. ಗೆರೆ ಇದೆಯೆಂದು ಯಾವ ಹುಡುಗಿಯೂ ನಾಚಿಕೊಂಡದ್ದಿಲ್ಲ. ಎಲ್ಲರ ಲಂಗದಲ್ಲೂ ಗೆರೆ ಇದ್ದ ಕಾಲ ಅದು.

ಆಮೇಲೆ ಶಾಲೆಯವರು ಸಮವಸ್ತ್ರವನ್ನು ಹೊಲಿದದ್ದೇ ತರಿಸಿ ಮಾರತೊಡಗಿದರು. ಮೇ ತಿಂಗಳಲ್ಲಿ ಕೋಣೆಯೊಳಗೆ ಆರಾಮವಾಗಿ ಕಾಲು ಚಾಚಿ ಕೂರಬಹುದಾಯಿತು. ಅದೇ ಹೊತ್ತಿಗೆ ರಬ್ಬರ್ ತೋಟದಲ್ಲಿ ಜಾರಿ ಬಿದ್ದ ಪದ್ಮಯ್ಯನ ಸೊಂಟ ಮತ್ತೆ ಮೊದಲಿನ ಹಾಗಾಗಲಿಲ್ಲ. ಹರಿಣಾಕ್ಷಿ ಮೆಷಿನಿಗೆ ಹಳೆಯ ಸೀರೆ ಹೊದೆಸಿ, ಸುಳ್ಯದಲ್ಲಿ ಸಮವಸ್ತ್ರ ಹೊಲಿಯುವ ಘಟಕದ ವ್ಯಾನು ಹತ್ತಿದಳು. ಅವಳ ಗಿರಾಕಿಗಳನ್ನು ಕಿತ್ತುಕೊಂಡ ಘಟಕವೇ ಅದು. ಬೇರೆ ಎಲ್ಲಿಗೆ ಹೋಗುವುದು?

ಅಲ್ಲಿ ಲಂಗವನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳು ನೆರಿಗೆ, ಒಬ್ಬಳು ಪಟ್ಟಿ, ಒಬ್ಬಳು ಕೊಕ್ಕೆ. ಹರಿಣಾಕ್ಷಿಯ ಪಾಲಿಗೆ ಬಂದದ್ದು ಕೆಳಗಿನ ಅಂಚು. ಇದಕ್ಕಿಂತ ಸುಲಭ ಏನಿದೆ ಎಂದು ಮೊದಲ ದಿನ ಖುಷಿಯಿಂದ ಕೂತಳು. ಒಂದು ಗಂಟೆ ಕಳೆಯುವಷ್ಟರಲ್ಲಿ ಲೈನಿನ ಮೇಲ್ವಿಚಾರಕಿ ಯಶಸ್ವಿ ಲಂಗದ ರಾಶಿ ಹಿಡಿದುಕೊಂಡು ಬಂದಳು. ಕಡಬ ಕಡೆಯ ಹುಡುಗಿ, ಹರಿಣಾಕ್ಷಿಯ ಅರ್ಧ ಪ್ರಾಯ.

"ಅಕ್ಕಾ, ಇದೆಂತ ಮಾಡಿದ್ದು ನೀವು? ಎಲ್ಲ ಗಿಡ್ಡ ಆಗಿದೆ."

ನಾಲ್ಕು ಬೆರಳು ಮಡಚಿದ್ದಳು. ಬಟ್ಟೆ ಕತ್ತರಿಸುವಾಗಲೇ ಅಲ್ಲಿ ಒಂದು ಬೆರಳಿನ ಲೆಕ್ಕ, ಅದಕ್ಕಿಂತ ಹೆಚ್ಚು ಇರುವುದಿಲ್ಲ. ಅದು ತಲೆಗೆ ಗೊತ್ತಿತ್ತು, ಬೆಳಿಗ್ಗೆ ತೋರಿಸಿಯೂ ಕೊಟ್ಟಿದ್ದರು. ಕೈಗೆ ಮಾತ್ರ ಯಾರೂ ಹೇಳಿರಲಿಲ್ಲ.

"ಮಕ್ಕಳು ಬೆಳೀತಾರಲ್ಲ ಯಶಸ್ವಿ," ಅಂದಳು, ಬಾಯಿಗೆ ಬಂದದ್ದು ಅದೇ.

"ಬೆಳೆದ್ರೆ ಹೊಸತು ತೆಗೀತಾರೆ ಅಕ್ಕ. ನೀವು ಒಂದು ಬೆರಳು ಮಡಚಿ ಸಾಕು. ನನ್ನ ಕೆಲಸಕ್ಕೆ ಕುತ್ತು ತರ್ಬೇಡಿ."

ಎಲ್ಲವನ್ನೂ ಬಿಚ್ಚಿ ಹೊಲಿದದ್ದಾಯಿತು. ಒಂದು ಲಂಗ ಮಾತ್ರ ಹೇಗೋ ಕಣ್ಣು ತಪ್ಪಿಸಿ ಶಾಲೆಯವರೆಗೂ ಹೋಗಿ, ಗಿಡ್ಡವೆಂದು ತಿರುಗಿ ಬಂತು. ಅದರ ಬೆಲೆಯನ್ನು ಅವಳ ಸಂಬಳದಲ್ಲಿ ಹಿಡಿದು, ಲಂಗವನ್ನು ಅವಳ ಕೈಗೇ ಕೊಟ್ಟರು. ಇನ್ನೊಂದು ಸಲ ಹೀಗಾದರೆ ಬರಬೇಕಾಗಿಲ್ಲ ಎಂದೂ ಹೇಳಿದರು. ಮನೆಗೆ ಬಂದು ಅದನ್ನು ಟ್ರಂಕಿನ ತಳಕ್ಕೆ ತುರುಕಿದಳು.

ಮರುದಿನ ಘಟಕದ ಮೆಷಿನಿನ ಮೇಲೆ, ಸೂಜಿಯಿಂದ ಒಂದು ಬೆರಳಿನ ದೂರಕ್ಕೆ, ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡು ಅಂಟಿಸಿಕೊಂಡಳು. ಕೈ ಅದನ್ನು ದಾಟಿತೋ, ನಿಲ್ಲಿಸಬೇಕು. ಮೂರು ತಿಂಗಳು ಬೇಕಾಯಿತು ಕೈಗೆ ಮರೆವು ಕಲಿಸಲು. ಕಲಿಯುವುದಕ್ಕಿಂತ ಮರೆಯುವುದು ಕಷ್ಟ, ಅದನ್ನೂ ಕಲಿತಳು. ಒಂದು ಹಠ ಮಾತ್ರ ಬಿಡಲಿಲ್ಲ. ಹೊಲಿಗೆ ಮುಗಿಸುವಲ್ಲಿ ಅಲೀಮಮ್ಮ ಹೇಳಿಕೊಟ್ಟ ಹಾಗೆ ಮೂರು ಸಲ ಹಿಂದೆ ಮುಂದೆ ಓಡಿಸಿ ನೂಲನ್ನು ಗಟ್ಟಿ ಮಾಡುತ್ತಿದ್ದಳು. ಉಳಿದವರದ್ದು ಒಂದೇ ಸಲ. ದಿನಕ್ಕೆ ಇಷ್ಟು ಮುಗಿಯಲೇಬೇಕೆಂಬ ಅವಸರದಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ತಿಂಗಳಿಗೆ ಒಂಬತ್ತು ಸಾವಿರ, ಅದರಲ್ಲಿ ವ್ಯಾನಿನದ್ದು ಕಳೆಯಬೇಕು. "ನೀನು ಹೊಲಿಯುದಾ, ವ್ಯಾನಿನವನನ್ನು ಸಾಕುದಾ?" ಎಂದು ಪದ್ಮಯ್ಯ ತಮಾಷೆ ಮಾಡುತ್ತಿದ್ದ. ಆದರೂ ಮನೆಯ ಅಕ್ಕಿಯೂ ಅವನ ಮದ್ದೂ ಅದರಲ್ಲೇ ನಡೆಯುತ್ತಿತ್ತು. ನಾಲ್ಕು ವರ್ಷ ನಡೆಯಿತು. ಮೊನ್ನೆ ಮಾರ್ಚಿನಲ್ಲಿ ಹೊರರಾಜ್ಯದವರು ಇನ್ನೂ ಕಮ್ಮಿಗೆ ಹೊಲಿದು ಕೊಡುತ್ತಾರೆಂದು ಆರ್ಡರು ಅತ್ತ ಹೋಯಿತು. ಘಟಕದವರು ಒಂದು ಲೈನನ್ನೇ ಮುಚ್ಚಿ ಇಪ್ಪತ್ತು ಹೆಂಗಸರನ್ನು ಮನೆಗೆ ಕಳುಹಿಸಿದರು. ಅವರಲ್ಲಿ ಹರಿಣಾಕ್ಷಿಯೂ ಇದ್ದಳು, ಯಶಸ್ವಿಯೂ ಇದ್ದಳು.

ಹಳೆಯ ಸೀರೆ ಸರಿಸಿ, ಮೆಷಿನಿಗೆ ಎಣ್ಣೆ ಬಿಟ್ಟು, ಮತ್ತೆ ಕೋಣೆಯ ಬಾಗಿಲು ತೆರೆದಳು. ಏಪ್ರಿಲ್ ಹೋಯಿತು, ಮೇ ಹೋಯಿತು. ನೈಟಿಯ ಬದಿ ಹಿಡಿಯುವುದು, ಜಿಪ್ಪು ಬದಲಿಸುವುದು ಬಿಟ್ಟರೆ ಬೇರೆ ಕೆಲಸ ಬರಲಿಲ್ಲ. ತನ್ನ ಕೈ ಇನ್ನು ಯಾರಿಗೂ ಬೇಡವೋ ಏನೋ ಎಂಬ ಹೆದರಿಕೆ ಅವಳಿಗೆ ಹುಟ್ಟಿತು. ಅದನ್ನು ಪದ್ಮಯ್ಯನಿಗೆ ಹೇಳಲಿಲ್ಲ.

ಜೂನ್ ಎರಡನೇ ವಾರ ನೆರೆಮನೆಯ ರಮ್ಲತ್ ತನ್ನ ಮಗಳು ಆಯಿಶತ್ ಶಿಫಾಳನ್ನು ಕರೆದುಕೊಂಡು ಬಂದಳು. ಹುಡುಗಿ ನಾಲ್ಕನೇ ಕ್ಲಾಸು, ಒಂದು ವರ್ಷದಲ್ಲಿ ಗೇಣುದ್ದ ಬೆಳೆದಿದ್ದಾಳೆ.

"ಹೋದ ವರ್ಷದ ಲಂಗ ಹರಿಣಾಕ್ಷಕ್ಕ. ಸ್ವಲ್ಪ ಉದ್ದ ಮಾಡಿ ಕೊಡ್ತೀರಾ? ಇವಳಿಗೆ ಮೊಣಕಾಲು ಕಾಣುದು ನಾಚಿಕೆಯಂತೆ. ಹೊಸತು ತೆಗಿಲಿಕ್ಕೆ ಈಗ ಆಗುದಿಲ್ಲ."

ಹರಿಣಾಕ್ಷಿ ಲಂಗದ ಅಂಚು ತಿರುಗಿಸಿದಳು. ಒಂದೇ ಬೆರಳು. ಬಿಚ್ಚಿದರೆ ಹೊಸದಾಗಿ ಮಡಚಲು ಏನೂ ಉಳಿಯದು. ಹೊಲಿಗೆ ಮುಗಿದಲ್ಲಿ ಅವಳ ಹೆಬ್ಬೆರಳು ನಿಂತಿತು. ನೂಲು ಅಲ್ಲಿ ಗಟ್ಟಿಯಾಗಿತ್ತು. ಮೂರು ಸಲ ಹಿಂದೆ, ಮೂರು ಸಲ ಮುಂದೆ.

"ಇದರಲ್ಲಿ ಎಂತದೂ ಇಲ್ಲ ರಮ್ಲತ್."

"ಯಾರಪ್ಪ ಹೊಲಿದದ್ದು ಇದನ್ನು. ಮಕ್ಕಳಿದ್ದವರು ಹೀಗೆ ಹೊಲೀತಾರಾ?"

"ನಾನೇ ಹೊಲಿದದ್ದು."

ರಮ್ಲತ್ ನಕ್ಕಳು, ತಮಾಷೆಯೆಂದುಕೊಂಡು. ಹರಿಣಾಕ್ಷಿ ನಗಲಿಲ್ಲ. ಅಲೀಮಮ್ಮ ತೀರಿ ಹತ್ತು ವರ್ಷವಾಗಿದೆ. ಈ ಲಂಗವನ್ನು ಅವರು ತಿರುಗಿಸಿ ನೋಡಿದ್ದರೆ ಎಂದು ನೆನೆದು ಅವಳಿಗೆ ಅಳು ಬಂತು. ನಾಚಿಕೆಯಿಂದ ಬಂದ ಅಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ಟ್ರಂಕು ತೆರೆದಳು.

ನಾಲ್ಕು ವರ್ಷದ ಹಿಂದೆ ತಿರುಗಿ ಬಂದ ಲಂಗ ತಳದಲ್ಲಿ ಹಾಗೆಯೇ ಇತ್ತು. ಏಳನೇ ಕ್ಲಾಸಿನ ಹುಡುಗಿಯ ಅಳತೆ, ನಾಲ್ಕು ಬೆರಳು ಒಳಗೆ. ಶಿಫಾಳಿಗೆ ಉಡಿಸಿ ನೋಡಿದಳು. ಸೊಂಟ ಸಡಿಲ, ಅದಕ್ಕೆ ಕೊಕ್ಕೆಯನ್ನು ಎರಡು ಇಂಚು ಈಚೆ ಹಾಕಿದರಾಯಿತು. ಉದ್ದ ಮಾತ್ರ ಅಳೆದು ಹೊಲಿದ ಹಾಗೆ ಮೊಣಕಾಲಿನ ಕೆಳಗೆ ಬಂದು ನಿಂತಿತು.

ರಮ್ಲತ್ ಬಗ್ಗಿ ಅಂಚನ್ನು ಮುಟ್ಟಿ ನೋಡಿದಳು. "ಒಳಗೆ ತುಂಬ ಉಂಟಲ್ಲ ಅಕ್ಕ."

"ಉಂಟು," ಅಂದಳು ಹರಿಣಾಕ್ಷಿ. ಕೊಕ್ಕೆ ಬಿಚ್ಚಲು ಸೂಜಿ ಹುಡುಕುತ್ತ ಹುಡುಗಿಯ ಕಡೆ ತಿರುಗಿದಳು. "ಬರುವ ವರ್ಷ ಇಲ್ಲಿಗೇ ಬಾ. ಒಂದು ಬೆರಳು ಬಿಚ್ಚಿ ಕೊಡ್ತೇನೆ."