ಯಾರಾದರೂ ಏನಾದರೂ ಕೇಳಲಿ ಎಂದು

ಆಶಾರಾಣಿಗೆ ಕಾರ್ಖಾನೆಯಲ್ಲಿ ಯಾರ ಮೇಲೂ ದೂರಿರಲಿಲ್ಲ. ಗೌರಿಬಿದನೂರಿನ ಹತ್ತಿರದ ಕುಡುಮಲಕುಂಟೆಯಲ್ಲಿ ಕೆಲಸ. ಸದ್ದು ತಡೆಯಲು ಕಿವಿಗೆ ರಬ್ಬರಿನ ಬಿರಡೆ ಸಿಕ್ಕಿಸಿಕೊಂಡು, ಬೆಲ್ಟಿನ ಮೇಲೆ ಸಾಗಿಬರುವ ಯಂತ್ರದ ಬಿಡಿಭಾಗಗಳಲ್ಲಿ ಕೆಟ್ಟದ್ದನ್ನು ಎತ್ತಿ ಪಕ್ಕಕ್ಕಿಡಬೇಕು. ಬಿ.ಎಸ್ಸಿ. ಮುಗಿಸಿ ದಿಬ್ಬೂರಹಳ್ಳಿಯಿಂದ ಬಂದವಳು ಗೌರಿಬಿದನೂರಿನಲ್ಲಿ ಕೋಣೆ ಹಿಡಿದು ಒಬ್ಬಳೇ ಇದ್ದಳು. ಅಮ್ಮ ಅವಳ ಚಿಕ್ಕಂದಿನಲ್ಲೇ ತೀರಿಹೋಗಿದ್ದರು. ಅಪ್ಪ ಚೆನ್ನರಾಯಪ್ಪನವರದು ಮಾತು ಕಡಿಮೆ. ಫೋನು ಮಾಡಿದರೆ "ಊಟ ಆಯ್ತಾ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ "ಸರಿ, ಇಡ್ತೀನಿ" ಎನ್ನುತ್ತಿದ್ದರು. ಎಷ್ಟೋ ಸಂಜೆ ಕೋಣೆಯ ಬೀಗ ತೆಗೆಯುವಾಗ, ಬೆಳಗಿನಿಂದ ತನ್ನ ದನಿಯನ್ನೇ ತಾನು ಕೇಳಿಲ್ಲವೆಂದು ಅವಳಿಗೆ ಹೊಳೆಯುತ್ತಿತ್ತು.

ಪಕ್ಕದ ಕೋಣೆಯ ಪವಿತ್ರ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ಡೆಂಗಿಯಿಂದ ಮಲಗಿದಾಗ ಕೇಳಿದಳು: "ಆಶಾ, ನಿನ್ಗೆ ರಜ ಉಳ್ದಿದ್ಯಲ್ಲ. ಒಂದು ವಾರ ನನ್ ಕ್ಲಾಸ್ ನೋಡ್ಕೋತೀಯೇನಮ್ಮ? ಹೆಡ್ ಮೇಡಂಗೆ ನಾನು ಹೇಳ್ತೀನಿ."

ರಜೆ ಬೇಕಾದಷ್ಟಿತ್ತು. ರಜೆ ಹಾಕಿ ಹೋಗಲು ಜಾಗವಿರಲಿಲ್ಲ. ಒಪ್ಪಿಕೊಂಡಳು.

ಮೊದಲ ದಿನ ಹಲಗೆಯ ಮೇಲೆ ಒತ್ತಿ ಬರೆದು ಸೀಮೆಸುಣ್ಣ ಮುರಿದಳು. ಆಮೇಲೊಂದು ದಿನ ಕೀಟಗಳ ಪಾಠ ಮಾಡುವಾಗ ಮೌನಿಕಾ ಎಂಬ ಹುಡುಗಿ ಎದ್ದು ನಿಂತಳು.

"ಮಿಸ್, ನಮ್ಮಜ್ಜಿ ಮನೇಲಿ ರೇಷ್ಮೆ ಹುಳ ಇದಾವೆ. ಜ್ವರಕ್ಕೆ ಕೂತಾಗ ತಲೆ ಎತ್ಕೊಂಡು ಸುಮ್ನೆ ಇರ್ತಾವೆ. ನಿಜ್ವಾಗ್ಲೂ ಜ್ವರ ಬಂದಿರುತ್ತಾ?"

ಹುಳು ಮೇಯಿಸುವ ಮನೆಯಲ್ಲೇ ಬೆಳೆದ ಆಶಾರಾಣಿಗೆ ನಗು ಬಂತು. "ಜ್ವರ ಅಲ್ಲಮ್ಮ. ಮೈ ಬೆಳೆದು ಹಳೇ ಚರ್ಮ ಬಿಗಿಯಾಗಿರುತ್ತೆ. ಒಳಗೆ ಹೊಸಾದು ಬರ್ತಿರುತ್ತೆ. ಆವಾಗ ಅದಕ್ಕೆ ಸೊಪ್ಪು ಬೇಡ."

"ನೋವಾಗುತ್ತಾ ಮಿಸ್?"

ಅದು ತನಗೂ ಗೊತ್ತಿಲ್ಲ ಎಂದಳು. ಅಷ್ಟರಲ್ಲಿ ಇನ್ನೂ ಕೈಗಳು ಮೇಲೆದ್ದಿದ್ದವು. ಉತ್ತರ ಹೇಳಿ ಹೇಳಿ ಸಂಜೆ ಹೊತ್ತಿಗೆ ಅವಳ ದನಿ ಕಟ್ಟಿತ್ತು.

ಪವಿತ್ರ ಹುಷಾರಾದಳು, ಆಶಾರಾಣಿ ಮತ್ತೆ ಬೆಲ್ಟಿನ ಮುಂದೆ ನಿಂತಳು. ಹೆಚ್ಚು ದಿನ ನಿಲ್ಲಲಾಗಲಿಲ್ಲ. ಕೆಲಸ ಬಿಟ್ಟು ಬಿ.ಎಡ್. ಸೇರುತ್ತೇನೆಂದು ಊರಿಗೆ ಹೋಗಿ ಹೇಳಿದಳು.

"ಕಾಯಂ ಕೆಲಸ ಕಣಮ್ಮ ಅದು," ಎಂದರು ಚೆನ್ನರಾಯಪ್ಪ. "ಅಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲ್ಲಪ್ಪ. ಅದಕ್ಕೇ ಬಿಡ್ತಿರೋದು."

ಅವರು ಎದ್ದು ಸೊಪ್ಪು ಕೊಯ್ಯಲು ಹಿಪ್ಪುನೇರಳೆ ತೋಟದ ಕಡೆ ಹೊರಟರು. ಬೇಡ ಎನ್ನಲಿಲ್ಲ.

ಬಿ.ಎಡ್. ಮುಗಿಸಿ ಈಗ ಅವಳು ಸ್ಕಂದಗಿರಿ ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ಅತಿಥಿ ಶಿಕ್ಷಕಿ. ಶಾಲೆಯ ಹಿಂದೆಯೇ ಬಾಡಿಗೆ ಮನೆ. ಟೀಚರಾದರೆ ಒಂಟಿತನ ಹೋಗುತ್ತದೆಂದುಕೊಂಡಿದ್ದಳು, ಪೂರ್ತಿ ಹೋಗಲಿಲ್ಲ. ಸಂಜೆ ಮಕ್ಕಳು ರಸ್ತೆಯ ತಿರುವು ದಾಟಿದ ಕೂಡಲೇ ಅದು ಬಂದು ಜೊತೆಗೆ ಕೂರುತ್ತದೆ. ಭಾನುವಾರ ಇನ್ನೂ ಕಷ್ಟ. ಬೆಟ್ಟ ಹತ್ತಲು ಬಂದವರ ಕಾರುಗಳು ಒಂದೊಂದಾಗಿ ಹಿಂತಿರುಗುವುದನ್ನು ಬಟ್ಟೆ ಒಣಹಾಕುತ್ತ ನೋಡುತ್ತಾಳೆ.

ಸೋಮವಾರ ಮಾತ್ರ ಎಲ್ಲರಿಗಿಂತ ಮುಂಚೆ ಹೋಗಿ ಶಾಲೆಯ ಬಾಗಿಲು ತೆಗೆದು, ಮೆಟ್ಟಿಲ ಮೇಲೆ ಕೂತು ದಾರಿ ನೋಡುತ್ತಾಳೆ. ಯಾವ ಮಗು ಮೊದಲು ಬಂದರೂ ಸರಿ.