ಕೂಲಿ ಹೆಚ್ಚಾಗಿದೆ ಎಂದು ಹೇಳಿದ್ದು ನಾನೇ

ಈ ವಾರ ಒಬ್ಬರ ಕೆಲಸಕ್ಕೆ ಕುತ್ತು ತಂದೆ. ಕೆಟ್ಟ ಬುದ್ಧಿಯಿಂದಲ್ಲ. ಓದು ಬರಹ ಬರುತ್ತದೆ ಎಂಬ ಭಂಡ ಧೈರ್ಯದಿಂದ.

ಕಾಶಿಬಾಯಿ (ನಿಜವಾದ ಹೆಸರಲ್ಲ) ನನ್ನ ತವರು ಕಮಲಾಪುರದವರು. ದಿನಾ ಬಸ್ಸು ಹಿಡಿದು ಬಂದು ಕಲಬುರಗಿ ಹತ್ತಿರದ ನಂದೂರಿನ ದಾಲ್‌ಮಿಲ್ಲಿನಲ್ಲಿ ಬೇಳೆ ಹಸನು ಮಾಡುತ್ತಾರೆ. ಮಷಿನ್ ಬಿಟ್ಟ ಕಲ್ಲು, ಕಪ್ಪು ಕಾಳು ಅವರ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ. ಭಾನುವಾರ ತವರಿಗೆ ಹೋಗಿದ್ದಾಗ ಫೋನ್ ಹಿಡಿದು ಬಂದರು. ವಾಟ್ಸಾಪ್‌ನಲ್ಲಿ ಸರ್ಕಾರದ ಮುದ್ರೆ ಇದ್ದ ಪಿಡಿಎಫ್. ಕನಿಷ್ಠ ಕೂಲಿಯ ಹೊಸ ದರ. ಪೇಪರಿಗೆ ಬರೆಯುವವಳಿಗೆ ಇದೂ ಗೊತ್ತಿರುತ್ತದೆ ಎಂದು ಅವರ ನಂಬಿಕೆ.

ಓದಿದೆ. ತಲೆ ಗಿರ್ರೆಂದಿತು. ಕಲಬುರಗಿ ಒಂದು ವಲಯ, ಕಮಲಾಪುರ ಇನ್ನೊಂದು. ಕುಶಲ, ಅರೆಕುಶಲ, ಅಕುಶಲ. ಮೂಲ ವೇತನ ಬೇರೆ, ಬೆಲೆಯೇರಿಕೆ ನೋಡಿ ಬದಲಾಗುವ ತುಟ್ಟಿಭತ್ಯೆ ಬೇರೆ. ಕಾಶಿಬಾಯಿ ಮಲಗುವ ಊರು ಲೆಕ್ಕವೋ, ದುಡಿಯುವ ಊರೋ? (ಎಂ.ಎ. ಮಾಡಿದ್ದೇನೆ, ನಗಬೇಡಿ.) ಕಾಳು ಆರಿಸುವುದು ಅಕುಶಲ ಕೆಲಸವಂತೆ. ಹಾಗೆ ಬರೆದವರು ಒಂದು ಮೊರ ಬೇಳೆ ಹಸನು ಮಾಡಿ ನೋಡಿದ್ದಾರಾ?

ಅಂತೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದೇ ನಿಮ್ಮ ಕೂಲಿ, ಚೆನ್ನಾಗಿ ಹೆಚ್ಚಾಗಿದೆ ಎಂದುಬಿಟ್ಟೆ.

ಸೋಮವಾರ ಕಾಶಿಬಾಯಿ ನಾಲ್ಕು ಹೆಂಗಸರನ್ನು ಕರೆದುಕೊಂಡು, ಹೊಸ ಕೂಲಿ ಕೊಡಿ ಎಂದು ಮಿಲ್ಲಿನ ಸಾವ್ಕಾರರ ಮುಂದೆ ನಿಂತರು. ಸಾವ್ಕಾರರು ಸಿಟ್ಟಾಗಲಿಲ್ಲವಂತೆ. ಫೋನ್ ಇಸಕೊಂಡು ಮೇಲಿದ್ದ ಒಂದೇ ಪದ ತೋರಿಸಿದರಂತೆ. ಕರಡು. ಇದು ಇನ್ನೂ ಸರ್ಕಾರದ ವಿಚಾರ, ಹುಕುಂ ಅಲ್ಲ, ಅವಸರ ಇದ್ದವರು ಬೇರೆ ಮಿಲ್ಲು ನೋಡಿಕೊಳ್ಳಲಿ ಎಂದರಂತೆ. ಉಳಿದವರು ಮೊರ ಹಿಡಿದು ಕೂತರು. ಕಾಶಿಬಾಯಿಯನ್ನು ಮಾತ್ರ ಮರುದಿನದಿಂದ ಗೇಟಿನಲ್ಲೇ ತಡೆದರು.

ಗುರುವಾರ ಆ ಗೇಟಿನಿಂದ ನೇರ ಕಲಬುರಗಿಯ ನಮ್ಮ ಮನೆಗೆ ಬಂದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಹೌದು, ಕರಡು. ಆಕ್ಷೇಪಣೆ, ಸಲಹೆ ಇದ್ದವರು ಗಡುವಿನೊಳಗೆ ಬರೆದು ಕಳಿಸಬೇಕು. ಆಮೇಲೆ ಅಂತಿಮ ಆದೇಶ. ಅಷ್ಟರಲ್ಲಿ ದರ ಇಳಿಯಬಹುದು, ಏರಬಹುದು, ಕೋರ್ಟಿಗೂ ಹೋಗಬಹುದು. ಸೂಪರ್ ಮಾರ್ಕೆಟ್‌ನಲ್ಲಿ ತೊಗರಿಬೇಳೆ ದರ ಏರುವಾಗ ಯಾರಾದರೂ ಕರಡು ಹೊರಡಿಸಿ ನನ್ನ ಆಕ್ಷೇಪಣೆ ಕೇಳಿದ್ದರಾ? ಕೂಲಿಗೆ ಮಾತ್ರ ಇಷ್ಟು ಮೆಟ್ಟಿಲು ಯಾಕೆ? ನನಗಂತೂ ಅರ್ಥವಾಗಲಿಲ್ಲ.

ತಪ್ಪಾಯ್ತು ಎಂದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ಅಕ್ಕಾರ, ಮಿಲ್ಲಿನೋರು ವಕೀಲರ ಕಡಿಂದ ಈ ರೇಟ್ ಬ್ಯಾಡ ಅಂತ ಬರಸ್ಯಾರಂತ. ನಮಗ ಇದು ಬೇಕು ಅಂತ ಬರಿಲಾಕ ಬರ್ತದೇನ್ರಿ?"

ಬರುತ್ತದೆ ಎಂದೆ. ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು. ಹುರುಪಿನಿಂದ ಹಾಳೆ ತಂದು ಬರೆಯುತ್ತಾ ಕೂತೆ. ಮುಗಿಸಿ ಪೆನ್ನು ಅವರತ್ತ ಚಾಚಿದೆ. ಅವರು ಪೆನ್ನು ಮುಟ್ಟಲಿಲ್ಲ.

"ಹೆಸರ ಹಾಕ್ಲೇಬೇಕೇನ್ರಿ?"

ಹೆಸರಿಲ್ಲದಿದ್ದರೆ ಸರ್ಕಾರ ಓದುವುದಿಲ್ಲ, ಹೆಸರಿದ್ದರೆ ಸಾವ್ಕಾರರೂ ಓದುತ್ತಾರೆ, ಆ ಗೇಟು ಮತ್ತೆ ತೆರೆಯುವುದಿಲ್ಲ. ಹೇಳಿ, ಆ ಹಾಳೆಯ ಕೆಳಗೆ ನಾನೀಗ ಏನೆಂದು ಬರೆಯಲಿ?