ಟಾಂಗಾದ ಚಾಚಾ ಕಲಿಸಿದ ನಾಗಾಲೋಟ

ಟಾಂಗಾದ ಚಾಚಾ ಗಾಡಿಯಿಂದ ಇಳಿಯುವಾಗ ಮೊದಲು ಬಲಗಾಲನ್ನು ಎರಡೂ ಕೈಯಿಂದ ಎತ್ತಿ, ಯಾರದೋ ಸಾಮಾನು ಇಳಿಸುವಂತೆ ಜೋಪಾನವಾಗಿ ನೆಲದ ಮೇಲೆ ಇಡುತ್ತಿದ್ದರು. ಆಮೇಲೆ ಎಡಗಾಲು. ಆಮೇಲೆ ತಾವು. "ಸಾಕಾಗೇತ್ರಿ ಮಾಸ್ತರ್ರ," ಎನ್ನುವುದೇ ಅವರ ನಮಸ್ಕಾರ.

ನಾನು ದಿನಾ ರಾಣೆಬೆನ್ನೂರಿನಿಂದ ರೈಲಿನಲ್ಲಿ ಬ್ಯಾಡಗಿಗೆ ಬಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಸ್ಟೇಷನ್ನಿನಿಂದ ಶಾಲೆಗೆ ಚಾಚಾರ ಟಾಂಗಾ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸ್ಟೇಷನ್ನಿನ ಮುಂದೆ ಆಟೋಗಳು ಸಾಲುಗಟ್ಟಿದ್ದವು. ಕೊನೆಗೆ ಟಾಂಗಾ ಹತ್ತುವವನು ನಾನೊಬ್ಬನೇ ಉಳಿದೆ. ನಿಷ್ಠೆಯಿಂದೇನೂ ಅಲ್ಲ. ಆಟೋದವರೊಡನೆ ಚೌಕಾಶಿ ಮಾಡುವ ತ್ರಾಣ ನನ್ನಲ್ಲಿರಲಿಲ್ಲ.

ಒಂದು ಮುಂಜಾನೆ ಚಾಚಾ ಟಾಂಗಾ ಹೊಡೆಯಲಿಲ್ಲ.

"ಇಕಿನ್ನ ಮಾರಬೇಕ್ರಿ," ಎಂದರು, ಕುದುರೆಯ ಕಡೆ ನೋಡದೆ. "ನನ್ನ ಕೈಲೆ ಇನ್ನ ಆಗೂದಿಲ್ಲ. ಇಬ್ಬರು ಕೇಳ್ಯಾರ. ಒಬ್ಬ ಇಟ್ಟಂಗಿ ಭಟ್ಟಿಯವ. ಅವನ ಕಡೆ ಹೋದ್ರ ಎರಡು ಬ್ಯಾಸಗಿ ಬದಕೂದಿಲ್ಲ ಆಕಿ. ಇನ್ನೊಬ್ಬರು ಗುತ್ತಲ ಕಡೆ ಗೌಡ್ರು, ಮ್ಯಾಲೆ ಕುಂತು ಹೊಲ ತಿರಗಾಡಾಕ."

"ಹಂಗಾರ ಗೌಡ್ರಿಗೇ ಕೊಡ್ರಿ."

"ನಾಗಾಲೋಟ ಓಡಿಸಿ ತೋರಸು ಅಂತಾರ. ಯಾರು ಕುಂದರತಾರ? ನನ್ನ ಕಾಲು ಹಿಂಗ. ಮಕ್ಕಳು ಹುಬ್ಬಳ್ಳಿ ಸೇರ್ಯಾರ." ನನ್ನನ್ನು ಮೇಲಿನಿಂದ ಕೆಳಗೆ ಅಳೆದರು. "ನೀವು ಹಗರ ಅದೀರಿ."

ಸರಕಾರಿ ನೌಕರಿಗೂ ಇಷ್ಟು ಸುಲಭವಾಗಿ ನನ್ನ ಆಯ್ಕೆಯಾಗಿರಲಿಲ್ಲ.

ಶಾಲೆಯ ಗಂಟೆಗೆ ಮುಂಚೆ, ಹಿಂದಿನ ಬಯಲಿನಲ್ಲಿ ನನ್ನ ಅಶ್ವಾರೋಹಣ ವಿದ್ಯೆಗೆ ಮುಹೂರ್ತವಾಯಿತು. ಜೀನು ಇರಲಿಲ್ಲ. ಕುದುರೆಯ ಬೆನ್ನಿಗೆ ದಪ್ಪ ಕಂಬಳಿ, ಅದರ ಮೇಲೆ ನನಗೆ ಮಡಚಿದ ಗೋಣಿಚೀಲ. ಬ್ಯಾಡಗಿಯಲ್ಲಿ ಹಳೆಯ ಗೋಣಿಚೀಲವೆಂದರೆ ಮೆಣಸಿನಕಾಯಿ ತುಂಬಿದ್ದೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಬೆವರು ಇಳಿದ ಮೇಲೆ ಒಬ್ಬನಿಗೆ ಹೊಳೆಯಿತು. ಅಂದು ಎಲ್ಲ ಪಿರಿಯಡ್ಡುಗಳನ್ನೂ ನಿಂತೇ ಮುಗಿಸಿದೆ. ಹೆಡ್‌ಮಾಸ್ತರರು ನನ್ನ ಕರ್ತವ್ಯನಿಷ್ಠೆಯನ್ನು ಎಲ್ಲರೆದುರು ಕೊಂಡಾಡಿದರು. ಮರುದಿನ ಚಾಚಾಗೆ ದೂರು ಕೊಟ್ಟೆ. ಅವರು ಗಾಬರಿಯಾಗಿ ಕಂಬಳಿ ಎತ್ತಿ ಕುದುರೆಯ ಬೆನ್ನು ಸವರಿದರು. "ಆಕಿಗೆ ಏನೂ ಆಗಿಲ್ರಿ," ಎಂದು ನನಗೆ ಸಮಾಧಾನ ಹೇಳಿದರು.

ನಾಗಾಲೋಟಕ್ಕೆ ಮುಂಚಿನ ನಿಧಾನದ ಕುಕ್ಕುಲೋಟದಲ್ಲಿ ಮೈ ಕುಲುಕಿ ನನ್ನ ಹಲ್ಲಿಗೆ ಹಲ್ಲು ಬಡಿಯುತ್ತಿತ್ತು. ಚಾಚಾ ಕಲ್ಲಿನ ಮೇಲೆ ಕುಳಿತು ಕೂಗುತ್ತಿದ್ದರು: "ಲಗಾಮು ಜಗ್ಗಬ್ಯಾಡ್ರಿ! ಬಾವಿ ನೀರು ಸೇದಾಕತ್ತೀರೇನು? ತೊಡಿಲೆ ಹಿಡೀರಿ, ಕೈ ಸಡ್ಲ ಬಿಡ್ರಿ!"

ನಾನು ಬಿಟ್ಟರೂ ಕುದುರೆ ಓಡಲೊಲ್ಲದು. ಟಾಂಗಾದ ಕುದುರೆ ಜೋರು ಹಿಡಿದರೆ ಹಿಂದೆ ಕುಳಿತ ಸವಾರಿಗಳು ಬೀಳುತ್ತಾರೆ. ಅದಕ್ಕೇ ಅದು ತಪ್ಪೆಂದು ಕಲಿಸಿರುತ್ತಾರೆ. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ನಿಲ್ಲಬೇಕೆಂದೂ ಕಲಿಸಿರುತ್ತಾರೆ.

"ಒಂಬತ್ತು ವರ್ಷ ಓಡಬ್ಯಾಡ ಅಂತ ಬಡದೇನಿ," ಎಂದರು ಚಾಚಾ. "ಈಗ ಓಡು ಅಂದ್ರ ಹೆಂಗ ನಂಬ್ಯಾಳು?"

ಎರಡು ತಿಂಗಳಾದರೂ ನಂಬಲಿಲ್ಲ. ಅಷ್ಟರಲ್ಲಿ ಗೌಡರು ಬಂದೇಬಿಟ್ಟರು. ಹಲ್ಲು ನೋಡಿದರು, ಗೊರಸು ನೋಡಿದರು. ನನ್ನನ್ನೊಮ್ಮೆ ನೋಡಿ, ಮತ್ತೆ ಗೊರಸನ್ನೇ ನೋಡಿದರು. ಚಾಚಾ ಬಯಲಿನ ಆಚೆ ತುದಿಯಲ್ಲಿ ಹೋಗಿ ನಿಂತರು. ಅರ್ಧ ಬಯಲು ಕುಕ್ಕುಲೋಟದಲ್ಲೇ ಮುಗಿಯಿತು. ಇಟ್ಟಂಗಿ ಭಟ್ಟಿ ಕಣ್ಣಮುಂದೆ ಬಂತು. ಲಗಾಮು ಪೂರ್ತಿ ಸಡಿಲ ಬಿಟ್ಟು, ಮುಂದಕ್ಕೆ ಬಾಗಿದೆ. ಒಮ್ಮೆಲೇ ಕುಲುಕಾಟ ನಿಂತಿತು. ಕುದುರೆಯೇ ನಿಂತಿತೆಂದುಕೊಂಡೆ; ನೋಡಿದರೆ ಜಾಲಿಯ ಬೇಲಿ ಹಿಂದಕ್ಕೆ ಓಡುತ್ತಿತ್ತು.

ಚಾಚಾಗೆ ತಡೆಯಲಾಗಲಿಲ್ಲ. "ಯಾ ಅಲ್ಲಾ!" ಎಂದು ಎರಡೂ ಕೈ ಮೇಲೆತ್ತಿದರು.

ಕುದುರೆಗೆ ಸವಾರಿ ಕಂಡಿತು. ನಿಂತಿತು. ನನಗೆ ಅಂಥ ಶಿಕ್ಷಣವಿಲ್ಲದ್ದರಿಂದ ನಾನು ಮುಂದೆ ಹೋದೆ.

ಚಾಚಾ ಕುಂಟುತ್ತ ಓಡಿ ಬಂದವರು ಮೊದಲು ಕುದುರೆಯ ಮುಂಗಾಲು ಮುಟ್ಟಿ ನೋಡಿದರು, ಆಮೇಲೆ ನನ್ನ ಭುಜ. ಗೌಡರು ಸಾವಕಾಶ ಬಂದು ತೀರ್ಪು ಕೊಟ್ಟರು: "ಓಡೂದೂ ಕಂಡೆ, ನಿಂದರೂದೂ ಕಂಡೆ. ಕುದುರಿ ಚೊಲೋ ಐತಿ. ಮಾಸ್ತರ್ರನ್ನ ದವಾಖಾನಿಗೆ ಒಯ್ರಿ."

ಆಟೋದಲ್ಲಿ ಒಯ್ದರು. ಚಾಚಾ ಜನ್ಮದಲ್ಲಿ ಮೊದಲ ಸಲ ಆಟೋ ಹತ್ತಿದ್ದು ಅಂದು. ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೇಳಿದರು, "ಹೆಂಗಿತ್ರಿ?"

"ಭಾಳ ನೋಯಾಕತ್ತೇತಿ."

"ಅದಲ್ರಿ. ನಾಗಾಲೋಟ."

"ನಿಮಗ ಗೊತ್ತಿಲ್ಲೇನ್ರಿ?"

"ನಾ ಯಾವಾಗ ಓಡಸೇನ್ರಿ? ನನ್ನ ಹಿಂದ ಸವಾರಿ ಇರತಿದ್ರು. ನಮ್ಮಪ್ಪ ಹೇಳಿದ್ದನ್ನ ನಿಮಗ ಹೇಳೇನಿ, ಅಷ್ಟ."

ನೋವಿನಲ್ಲಿ "ಚೊಲೋ ಇತ್ರಿ" ಎಂದಷ್ಟೇ ಹೇಳಿದೆ.

ಎರಡು ವರ್ಷದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ನೋಡಲು ಹೋದೆ. ಅದಕ್ಕೂ ಮೊದಲು ಗುತ್ತಲಕ್ಕೆ ಹೋಗಿ ಕುದುರೆಯನ್ನು ನೋಡಿ ಬಂದಿದ್ದೆ. ಮೈದುಂಬಿಕೊಂಡಿದೆ, ಮೈಮೇಲೆ ನೊಣ ಕೂರಗೊಡುವುದಿಲ್ಲ ಎಂದೆ. ತಲೆಯಾಡಿಸಿದರು. ದನಿ ತೀರ ಸಣ್ಣದಾಗಿತ್ತು.

"ಅವತ್ತ ನೀವು ಸರಿ ಹೇಳಲಿಲ್ಲ ಮಾಸ್ತರ್ರ. ಹೆಂಗಿತ್ತು?"

ನೂರಾರು ಮಕ್ಕಳಿಂದ ಪ್ರಬಂಧ ಬರೆಸಿದವನು ತಡವರಿಸಿದೆ. "ಮೊದಲ ಭಾಳ ಹೆದರಿಕಿ ಆಗತೈತಿ ಚಾಚಾ. ಒಂದು ಗಳಗಿ ಅಷ್ಟ. ಆಮ್ಯಾಲೆ ಕುಲುಕಾಟ ನಿಂದರತೈತಿ. ಹೆದರಿಕಿ ಹೋಗತೈತಿ."

"ಹೋಗತೈತಿ?"

"ಪೂರಾ ಹೋಗತೈತ್ರಿ."

"ಹಂಗಾರ ಚೊಲೋ," ಎಂದು ಕಣ್ಣು ಮುಚ್ಚಿದರು. ಮೂರನೆಯ ದಿನ ತೀರಿಕೊಂಡರು.

ನಾನು ಆ ಬಯಲಿನಲ್ಲಿ ಓಡಿದ್ದು ಇಪ್ಪತ್ತು ಎಣಿಸುವಷ್ಟು ಹೊತ್ತು. ಅದರ ಬಲದ ಮೇಲೆ, ಸಾವಿನ ಹೊಸ್ತಿಲಲ್ಲಿದ್ದವರಿಗೆ ಹೆದರಿಕೆ ಹೋಗುತ್ತದೆಂಬ ಅಂಥ ದೊಡ್ಡ ಮಾತು ಹೇಳಿಬಿಟ್ಟೆ. ಅವರ ಮಟ್ಟಿಗಾದರೂ ಅದು ಸುಳ್ಳಾಗದಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ.